ಕುಲುಮೆಯೂ ಕಬ್ಬಿಣದ ಕರುವೂ

(ಶ್ರೀನಿವಾಸಪುರದಲ್ಲಿ ಸೇರಿದ್ದ ಕಮ್ಮಾರರು, ವೆಲ್ಡಿಂಗ್ ಕೆಲಸಗಾರರು ಮತ್ತು ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ಕರಪತ್ರವನ್ನು ಓದಿ ಕೆಲವರು ನಕ್ಕರೆಂದು ಕೇಳಿದೆವು. ನೀರಿನ ಮಾತು, ಸಾಲದ ಮಾತು, ಟೊಮೆಟೊ ದರದ ಮಾತು ಬಿಟ್ಟು ಪಕ್ಷದವರು ಗುಜರಿ ಕಬ್ಬಿಣದಲ್ಲಿ ಬೊಂಬೆ ಮಾಡುವ ವಿಷಯಕ್ಕೆ ಇಳಿದರಲ್ಲ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹಿರಿಯರೊಬ್ಬರು ನಮ್ಮ ಎದುರಿಗೇ ಅಂದರು. ಅಲ್ಲಿ ಉತ್ತರ ಕೊಡಲಿಲ್ಲ, ಕಾಫಿ ಆರುತ್ತಿತ್ತು. ಇಲ್ಲಿ ಕೊಡುತ್ತೇವೆ. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಮೇಜಿನ ಮೇಲಿರುವ ಈ ವಸ್ತುವನ್ನು ಕೈಯಿಂದ ಕೈಗೆ ದಾಟಿಸಿ, ಹಿಂದಿನ ಸಾಲಿನವರೂ ನೋಡಲಿ. ಬಿದ್ದರೆ ಏನೂ ಆಗದು. ಎತ್ತರ ನಾಲ್ಕು ಬೆರಳಿಗೆ ಮೀರದು. ಒಡಲು ನೇಗಿಲಿನ ಒಂದು ಹಳೆಯ ಬೋಲ್ಟು, ಕಾಲುಗಳು ಎತ್ತಿನ ಲಾಳದ ಮೊಳೆ, ಬಾಲ ಬೈಸಿಕಲ್ ಬ್ರೇಕಿನ ತಂತಿ. ವೆಲ್ಡಿಂಗ್ ಎಂಬುದಿಲ್ಲ; ಕಾಯಿಸಿ ತೂತು ಹೊಡೆದು ರಿವೆಟ್ಟು ಬಡಿದು ನಿಲ್ಲಿಸಿದ್ದು. ನಾವು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದಾಗ ಕಮ್ಮಾರರ ಮನೆಯ ಹುಡುಗನೊಬ್ಬ ಇದನ್ನು ಪಾಠದ ವೇಳೆಯಲ್ಲಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಆ ಹುಡುಗ ದಿನವೂ ತಡವಾಗಿ ಬರುವವನು, ಬೆಳಗ್ಗೆ ತಿದಿ ಒತ್ತಿ ಬರುವವನು. ಅಂದಿನ ಪಾಠ ಗುರುತ್ವ ಕೇಂದ್ರ. ಅದೇನು ಹೇಳೋ ಎಂದರೆ ಅವನ ಬಾಯಿಂದ ಮಾತು ಹೊರಡಲಿಲ್ಲ. ತೊಡೆಯ ಕೆಳಗಿನದನ್ನು ಕಿತ್ತುಕೊಂಡೆವು, ಅಂಗೈಗೆ ಎರಡು ಏಟು ಕೊಟ್ಟೆವು, ಬೀರುವಿನೊಳಗೆ ಎಸೆದು ಬೀಗ ಹಾಕಿದೆವು. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟ.

ಕೆಲಸಕ್ಕೆ ರಾಜೀನಾಮೆ ಕೊಟ್ಟ ದಿನ ಬೀರು ಖಾಲಿ ಮಾಡುವಾಗ ಸೀಮೆಸುಣ್ಣದ ಡಬ್ಬಿಗಳ ಹಿಂದೆ ಇದು ಸಿಕ್ಕಿತು. ಮೇಜಿನ ಮೇಲೆ ಇಟ್ಟೆವು. ನಿಂತಿತು. ಆಮೇಲೆ ನೋಡುತ್ತೇವೆ, ಅದು ನಿಂತಿರುವುದು ಮೂರು ಕಾಲಿನ ಮೇಲೆ, ಮುಂಗಾಲೊಂದು ಮಡಚಿಕೊಂಡಿದೆ. ಒಂದು ಕಾಲು ಎತ್ತಿದ ಮೇಲೂ ಬೀಳದೆ ನಿಲ್ಲಬೇಕಾದರೆ ಮೈಭಾರದ ಗೆರೆ ಉಳಿದ ಮೂರು ಕಾಲಿನ ನಡುವೆಯೇ ಇಳಿಯಬೇಕು. ಅದಕ್ಕಾಗಿ ಕತ್ತನ್ನು ಎಷ್ಟು ತಿರುಗಿಸಬೇಕು, ಬೋಲ್ಟಿನ ದಪ್ಪ ತಲೆ ಯಾವ ಕಡೆಗೆ ಇರಬೇಕು ಎಂಬುದನ್ನೆಲ್ಲ ಆ ಹುಡುಗ ಲೆಕ್ಕ ಹಾಕಿದ್ದ. ಗುರುತ್ವ ಕೇಂದ್ರ ಅವನ ತೊಡೆಯ ಕೆಳಗೇ ಇತ್ತು. ನಾವು ಅದನ್ನು ಕಿತ್ತುಕೊಂಡು, ಅದರ ವ್ಯಾಖ್ಯೆ ಹೇಳಲಿಲ್ಲವೆಂದು ಹೊಡೆದೆವು.

ಇದನ್ನು ಅವನಿಗೆ ಹಿಂದಕ್ಕೆ ಕೊಡಬೇಕೆಂದು ಹುಡುಕಿಕೊಂಡು ಹೋದೆವು. ಈಗ ಅವನು ಮಾಲೂರು ಕಡೆಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಗಾರ. "ನಿನ್ನ ಎತ್ತು ತಂದಿದ್ದೇವಪ್ಪ" ಎಂದೆವು. ತಿರುಗಿಸಿ ನೋಡಿ ನಕ್ಕ. "ಇದು ಎತ್ತಲ್ಲ ಮೇಷ್ಟ್ರೇ, ಕರು. ಹುಟ್ಟಿದ ಕರು ಏಳೋವಾಗ ಹಿಂಗಾಲು ಮೊದ್ಲು ನೆಟ್ಟಗಾಗ್ತದೆ, ಮುಂಗಾಲು ಒಂದು ಹಂಗೇ ಮಡಚ್ಕೊಂಡಿರ್ತದೆ. ನೀವು ನೋಡಿಲ್ವಾ?" ಎಂದ. ಹಾಲು ಮಾರಿ ಸಂಸಾರ ನಡೆಯುವ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾವು ಅದನ್ನು ನೋಡಿರಲಿಲ್ಲ. ಇವತ್ತಿನ ಸಭೆಗೆಂದು ಅವನಿಂದ ಕೇಳಿ ತಂದಿದ್ದೇವೆ, ಸಂಜೆ ಹಿಂದಕ್ಕೆ ಕೊಡಬೇಕು.

ಇನ್ನು ಅವನ ತಂದೆಯ ಕುಲುಮೆಯ ಸಂಗತಿ. ಹಳೆಯ ಮೈಸೂರು ಸೀಮೆಯಲ್ಲಿ ಕಮ್ಮಾರ ಆಯಗಾರರಲ್ಲೊಬ್ಬ ಎಂಬುದು ತಮಗೆಲ್ಲ ತಿಳಿದದ್ದೇ. ವರ್ಷವಿಡೀ ಊರಿನ ಗುಳ ತಟ್ಟಿ, ಕುಡುಗೋಲಿಗೆ ಹಲ್ಲು ಕೊಯ್ದು, ಗುದ್ದಲಿ ಹದ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ತನ್ನ ಪಾಲಿನ ರಾಗಿ ಅಳೆಸಿಕೊಳ್ಳುವುದು. ಆ ಪದ್ಧತಿಯನ್ನು ನಾವೇನೂ ಹೊಗಳುವುದಿಲ್ಲ. ಕಣದಲ್ಲಿ ನಿಂತು ಕೈಯೊಡ್ಡಬೇಕು, ಕೊಡುವವನ ಮುಖ ನೋಡಬೇಕು, ಮಗನೂ ಅದೇ ಬೂದಿಯಲ್ಲಿ ಕೂರಬೇಕು. ತಿದಿ ಒತ್ತುತ್ತಿದ್ದ ಹೆಂಗಸಿಗೆ ಪಾಲಿನಲ್ಲಿ ಹೆಸರೇ ಇರಲಿಲ್ಲ. ಅದು ಹೋದದ್ದಕ್ಕೆ ಅಳಬೇಕಾಗಿಲ್ಲ. ಆದರೆ ಅದು ಹೋದಾಗ ಅದರ ಸಂಗಡ ಹೋದದ್ದೇನು ಎಂಬುದನ್ನು ಲೆಕ್ಕ ಮಾಡಬೇಡವೇ? ಟ್ರಾಕ್ಟರು ಬಂತು, ಗುಳ ಹೋಯಿತು. ಗಾಡಿಗೆ ರಬ್ಬರ್ ಟೈರು ಬಂತು. ಬೆರಣಿ ಸುತ್ತ ಜೋಡಿಸಿ ಬೆಂಕಿ ಹಾಕಿ, ಪಟ್ಟಿಯನ್ನು ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ಕೂರಿಸಿ ನೀರು ಸುರಿಯುತ್ತಿದ್ದರಲ್ಲ, ಚಕ್ರ ಬಿಗಿದುಕೊಂಡು ಕಿರುಗುಟ್ಟುತ್ತಿತ್ತಲ್ಲ, ಆ ಕೆಲಸವೂ ಹೋಯಿತು. ಕುಡುಗೋಲು ಸಂತೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆ ತಂದೆ ಅಡಿಗಲ್ಲನ್ನು ಗುಜರಿಗೆ ಹಾಕುವ ಮಾತನಾಡಿದ್ದ. ನೋಡಿ, ಒಂದು ಮನೆತನ ಎಷ್ಟೋ ತಲೆಮಾರು ಬಡಿದು ನಯ ಮಾಡಿದ ಅಡಿಗಲ್ಲು ತಕ್ಕಡಿಯಲ್ಲಿ ಕೂತರೆ ಅದು ಬರೀ ಇಷ್ಟು ಕಿಲೋ ಕಬ್ಬಿಣ.

ಅದನ್ನು ಮಾರಗೊಡದೆ ಉಳಿಸಿದವನು ಈ ಮಗನೇ. ಭಾನುವಾರ ರಜೆ ಸಿಕ್ಕರೆ ಮನೆಗೆ ಬಂದು ಕುಲುಮೆ ಹೊತ್ತಿಸುತ್ತಾನೆ. ಕೂಲಿಗಲ್ಲ, ಗಿರಾಕಿಗಲ್ಲ. ಹುಂಜ, ಮೇಕೆ, ಓತಿಕೇತ, ನವಿಲು ಮಾಡುತ್ತಾನೆ. ಮೊದಮೊದಲು ತಂದೆ "ಹೊಟ್ಟೆಗಾಗೋದು ಏನಾದ್ರೂ ಮಾಡೋ" ಎಂದು ಗದರಿಕೊಂಡನಂತೆ. ಈಗ ಪಕ್ಕದಲ್ಲಿ ಕೂತು, ಹುಂಜದ ಕಾಲು ಹಾಗೆ ಇರುವುದಿಲ್ಲ ಎಂದು ತಕರಾರು ಮಾಡುತ್ತಾನೆ.

ಮಗ ಅಂಗಳದಲ್ಲಿ ಒಟ್ಟಿರುವ ಗುಜರಿಯನ್ನು ನಾವು ಒಂದು ಮಧ್ಯಾಹ್ನ ಕೂತು ನೋಡಿದೆವು. ಗೆಳೆಯರೇ, ನಮ್ಮ ಜಿಲ್ಲೆಯ ನೀರಿನ ಚರಿತ್ರೆ ಬೇಕಾದವರು ಅಲ್ಲಿ ಹೋಗಿ ನೋಡಬಹುದು. ತಳದಲ್ಲಿ ಕಪಿಲೆಯ ಬಾನಿಯ ಅಂಚುಪಟ್ಟಿ ಮತ್ತು ರಾಟೆಯ ಅಚ್ಚು. ಎತ್ತು ಹಿಮ್ಮುಖವಾಗಿ ಏರಿ ಮುಮ್ಮುಖವಾಗಿ ಇಳಿದು ನೀರೆತ್ತುತ್ತಿದ್ದ ಕಾಲದ್ದು. ಅದರ ಮೇಲೆ ಆಯಿಲ್ ಎಂಜಿನ್ನಿನ ಒಡೆದ ಗಾಲಿ. ಬಾವಿಗೆ ಪಂಪು ಇಳಿದ ಕಾಲದ್ದು. ಅದರ ಮೇಲೆ ಕೊಳವೆಬಾವಿಯ ಕೇಸಿಂಗ್ ಪೈಪು, ಸುಟ್ಟ ಸಬ್ಮರ್ಸಿಬಲ್ ಮೋಟಾರಿನ ತಗಡಿನ ಬಿಲ್ಲೆಗಳು, ಬಂಡೆ ಕೊರೆದು ಮೊಂಡಾದ ಬಿಟ್ಟು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ನಾಡು ನಮ್ಮದು. ಕೆರೆ ಬತ್ತಿದ ಮೇಲೆ ಸಾವಿರ ಅಡಿಗೂ ಕೆಳಗೆ ಕೊರೆದೆವು, ಕೊರೆದದ್ದರಲ್ಲಿ ಎಷ್ಟೋ ಬರಿದಾದವು, ಬರಿದಾದವುಗಳ ಕಬ್ಬಿಣ ಗುಜರಿಗೆ ಬಂತು. ಆ ಮೋಟಾರಿನ ಬಿಲ್ಲೆಗಳನ್ನು ಹರಡಿ ಅವನು ನವಿಲಿನ ಗರಿ ಮಾಡಿದ್ದಾನೆ. ಮೊಂಡಾದ ಬಿಟ್ಟನ್ನು ಹಂದಿಯ ಮುಸುಡಿಯಾಗಿ ಇಟ್ಟಿದ್ದಾನೆ, ನೆಲ ಕೆದಕುವುದಕ್ಕೆ ಇನ್ನಾವುದು ಹೊಂದೀತು! ಆ ಕೊಳವೆಬಾವಿ ಬತ್ತಿ ಸಾಲಕ್ಕೆ ಸಿಕ್ಕಿದ ರೈತ ಪಕ್ಕದ ಮನೆಯವನೇ. ಅವನು ಆ ಹಂದಿಯನ್ನು ನೋಡಿ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದನೆಂದು ಹುಡುಗ ಹೇಳಿದ.

ಗುಜರಿಯಲ್ಲಿ ಮಾಡಿದ್ದೆಲ್ಲ ಚೆಂದವೆಂದು ನಾವು ಹೇಳುತ್ತಿಲ್ಲ. ನಟ್ಟು ಬೋಲ್ಟುಗಳನ್ನು ಒತ್ತೊತ್ತಾಗಿ ವೆಲ್ಡ್ ಮಾಡಿ ಸಿಂಹವೆಂದು ನಿಲ್ಲಿಸಿದರೆ ಅದು ನಟ್ಟುಬೋಲ್ಟಿನ ರಾಶಿಯಾಗಿಯೇ ಉಳಿಯುವುದುಂಟು. ಈ ಹುಡುಗನ ರೀತಿ ಬೇರೆ. ಕಮ್ಮಾರನ ಮಗನಾದ್ದರಿಂದ ಅವನಿಗೆ ಕಬ್ಬಿಣದ ಜಾತಿ ಗೊತ್ತು. (ಮನುಷ್ಯರ ಜಾತಿಗಿಂತ ಇದನ್ನು ತಿಳಿಯುವುದು ಲಾಭ.) ಸಾಣೆಗೆ ಹಿಡಿದರೆ ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ನೆಟ್ಟಗೆ ಹಾರುತ್ತದೆ; ಲಾರಿಯ ಕಮಾನು ಪಟ್ಟಿಯ ಕಿಡಿ ಸುರುಸುರುಬತ್ತಿಯ ಹಾಗೆ ಹೂಬಿಟ್ಟು ಒಡೆಯುತ್ತದೆ, ಅದರಲ್ಲಿ ಇಂಗಾಲ ಹೆಚ್ಚು. ಮೆದುವಾದದ್ದನ್ನು ಬೇಕಾದ ಹಾಗೆ ಬಾಗಿಸಬಹುದು; ಕಮಾನು ಪಟ್ಟಿಯನ್ನು ಕಾಯಿಸಿ ನೀರಿಗೆ ಅದ್ದಿದಿರೋ, ಗಾಜಿನ ಹಾಗೆ ಸಿಡಿಯಬಹುದು. ಅದನ್ನು ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಇನ್ನು ಬಣ್ಣ. ಮಂಕು ಕೆಂಪಿನಲ್ಲಿ ಬಡಿದರೆ ಬಿರುಕು. ಕಿತ್ತಳೆ ದಾಟಿ ಹಳದಿಗೆ ಬಂದಾಗ ಕಬ್ಬಿಣ ಮಾತು ಕೇಳುತ್ತದೆ. ಬಿಳಿಗೆ ಹೋಗಿ ಕಿಡಿ ಉಗುಳಿದರೆ ಸುಟ್ಟುಹೋಯಿತೆಂದೇ ಅರ್ಥ. ಕುಲುಮೆ ಯಾವಾಗಲೂ ಕತ್ತಲೆ ಕತ್ತಲೆಯಾಗಿರುವುದು ಬಡತನಕ್ಕಲ್ಲ, ಈ ಬಣ್ಣ ಕಾಣಲೆಂದು. ಇದು ನಮಗೆ ಮೇಷ್ಟರಾಗಿದ್ದಷ್ಟು ಕಾಲವೂ ತಿಳಿದಿರಲಿಲ್ಲ. ಬಿಸಿಲು ಬೀಳುವ ಹಾಗೆ ಹೆಂಚು ತೆಗೆಸಿ ಗಾಜು ಹಾಕಿಸಿಕೊಳ್ಳಿ ಎಂದು ನಾವೇ ಒಬ್ಬ ಆಚಾರಿಗೆ ಬುದ್ಧಿ ಹೇಳಿದ್ದುಂಟು!

ಶಿಲ್ಪ ನಮ್ಮ ಸೀಮೆಗೆ ಹೊಸದಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಕಲ್ಲಿನ ವಿಗ್ರಹಗಳೂ ಆಗುತ್ತವೆ, ಮೇಣದಲ್ಲಿ ರೂಪ ಮಾಡಿ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಬರಿದಿನೊಳಕ್ಕೆ ಲೋಹ ಹೊಯ್ದ ವಿಗ್ರಹಗಳೂ ಆಗುತ್ತವೆ. ಅಲ್ಲಿನ ಕೆಲಸಕ್ಕೆ ಶಾಸ್ತ್ರವಿದೆ: ಮುಖ ಇಷ್ಟು, ತೋಳು ಇಷ್ಟು, ಕೈಯಲ್ಲಿ ಇಂಥ ಆಯುಧ. ಕೋಲಾರದ ಅಂತರಗಂಗೆಗೆ ಹೋದವರು ಬಾಯಿಂದ ನೀರು ಸುರಿಯುವ ಕಲ್ಲಿನ ಬಸವನನ್ನು ಕಂಡಿದ್ದೀರಿ. ಅದನ್ನು ಕೈಮುಗಿಯಲೆಂದು ಕಡೆದರು. ಆದರೆ ಓತಿಕೇತಕ್ಕೆ ಯಾವ ಶಾಸ್ತ್ರ? ಮೇಕೆಗೆ ಯಾವ ಧ್ಯಾನಶ್ಲೋಕ? ಯಾರೂ ಹೇಳಿಕೊಡಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ. ಬೇಲಿಯ ಮೇಲೆ ಕೂತಿದ್ದನ್ನು ನೋಡಿ ಬಂದು ಮಾಡಿದ್ದಾನೆ. ಕಮ್ಮಾರ ತಲೆತಲಾಂತರದಿಂದ ಮತ್ತೊಬ್ಬರು ಹೇಳಿದ್ದನ್ನೇ ಮಾಡಿದವನು; ಗುಳ ಬೇಕಾದರೆ ಗುಳ, ಕೊಡಲಿ ಬೇಕಾದರೆ ಕೊಡಲಿ. ತಾನಾಗಿ ಬಯಸಿದ್ದನ್ನು ಮಾಡಲು ಅವನಿಗೆ ಕಾಲವಿರಲಿಲ್ಲ, ಕಬ್ಬಿಣವೂ ಅವನದಾಗಿರಲಿಲ್ಲ.

ಹೊರಗಿನ ಮಾತು ಒಂದೆರಡು. ಫ್ರಾನ್ಸಿನಲ್ಲಿ ನೆಲೆಸಿದ್ದ ಪಿಕಾಸೊ ಎಂಬ ಹೆಸರಾಂತ ಚಿತ್ರಕಾರ 1942ರಲ್ಲಿ ಬೈಸಿಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಜೋಡಿಸಿ ಗೂಳಿಯ ತಲೆ ಮಾಡಿದ. ಅವನು ಆಮೇಲೆ ಸೇರಿದ್ದು ಕಮ್ಯುನಿಸ್ಟ್ ಪಕ್ಷ, ನಮ್ಮದಲ್ಲ. ಆದರೂ ಗೂಳಿ ಚೆನ್ನಾಗಿದೆ. ನಮಗೆ ಇನ್ನೂ ಹತ್ತಿರದವನು ಚಂಡೀಗಢದ ನೇಕ್ ಚಂದ್. ಸರ್ಕಾರಿ ರಸ್ತೆ ಇನ್ಸ್‌ಪೆಕ್ಟರ್. ಹೊಸ ನಗರ ಕಟ್ಟುವಾಗ ಎಸೆದ ಒಡೆದ ಪಿಂಗಾಣಿ, ಕಲ್ಲು, ಕಬ್ಬಿಣ, ಬಳೆ ಚೂರುಗಳನ್ನು ಬೈಸಿಕಲ್ಲಿನಲ್ಲಿ ಹೊತ್ತು ತಂದು, ಕೆಲಸ ಮುಗಿದ ಮೇಲೆ ಕಾಡಿನ ಮರೆಯಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಸಾಲುಸಾಲಾಗಿ ನಿಲ್ಲಿಸುತ್ತ ಹೋದ. ಜಾಗ ಸರ್ಕಾರದ್ದು, ಅನುಮತಿ ಇಲ್ಲ. ಅಧಿಕಾರಿಗಳು ಕಂಡುಹಿಡಿದಾಗ ಕೆಡವುವ ಮಾತೂ ಬಂತು. ಕೆಡವಲಿಲ್ಲ, 1976ರಲ್ಲಿ ಅದನ್ನೇ ರಾಕ್ ಗಾರ್ಡನ್ ಎಂದು ಜನರಿಗೆ ತೆರೆದರು. ಅವನು 2015ರಲ್ಲಿ ತೀರಿಕೊಂಡ. ಇಲ್ಲಿ ಗಮನಿಸತಕ್ಕದ್ದು, ಅವನಿಗೆ ಸಂಜೆ ಎಂಬುದೊಂದು ಇತ್ತು.

ಹೋಟೆಲಿನ ಹಿರಿಯರಿಗೆ ನಮ್ಮ ಉತ್ತರ ಇಲ್ಲಿದೆ. 1886ರಲ್ಲಿ ಶಿಕಾಗೊದಲ್ಲಿ ಕೆಲಸಗಾರರು ಬೀದಿಗಿಳಿದದ್ದು ಎಂಟು ಗಂಟೆಯ ದುಡಿಮೆಗಾಗಿ. ದಿನವನ್ನು ಮೂರು ಪಾಲು ಮಾಡಿ ಒಂದು ದುಡಿಮೆಗೆ, ಒಂದು ನಿದ್ದೆಗೆ, ಮೂರನೆಯದು ತನಗೆ ಎಂದು ಕೇಳಿದರು. ಮೊದಲೆರಡು ಪಾಲಿನ ಬಗ್ಗೆ ಎಲ್ಲರೂ ಭಾಷಣ ಮಾಡುತ್ತೇವೆ, ಮೂರನೆಯದರಲ್ಲಿ ಕೆಲಸಗಾರ ಏನು ಮಾಡುತ್ತಾನೆಂದು ಯಾರೂ ವಿಚಾರಿಸುವುದಿಲ್ಲ. 2023ರಲ್ಲಿ ಕರ್ನಾಟಕದ ಕಾರ್ಖಾನೆ ಕಾನೂನನ್ನು ತಿದ್ದಿ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಇಟ್ಟುಕೊಂಡೇ, ದಿನಕ್ಕೆ 12 ಗಂಟೆಯವರೆಗೆ ದುಡಿಸುವುದಕ್ಕೆ ದಾರಿ ಮಾಡಿದರು. ಲೆಕ್ಕ ಅದೇ ಅಲ್ಲವೇ ಎಂದು ಮೇಲಿನವರು ಅನ್ನುತ್ತಾರೆ. ನರಸಾಪುರ, ವೇಮಗಲ್, ಮಾಲೂರು ಕಡೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಒಮ್ಮೆ ಕೂತು ನೋಡಲಿ. 12 ಗಂಟೆ ನಿಂತು ದುಡಿದು, ಹೋಗುವುದಕ್ಕೆ ಬರುವುದಕ್ಕೆ ಮೂರು ಗಂಟೆ ಕಳೆದವನಿಗೆ ಆ ದಿನ ಮೂರನೆಯ ಪಾಲೇ ಇಲ್ಲ. ಹುಡುಗ ನಮಗೆ ಅಂದದ್ದು ಇಷ್ಟೇ: "ಡಬಲ್ ಶಿಫ್ಟ್ ವಾರದಲ್ಲಿ ನಾನು ಏನೂ ನೋಡಲ್ಲ ಮೇಷ್ಟ್ರೇ. ಹಕ್ಕಿ ಎದುರಿಗೆ ಬಂದ್ರೂ ಕಾಣಲ್ಲ." ಇದು ಕೂಲಿಯ ಪ್ರಶ್ನೆಯಷ್ಟೇ ದೊಡ್ಡ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ.

ಬೆಲೆಯ ಸಂಗತಿಯೂ ಉಂಟು. ಬೆಂಗಳೂರಿನಿಂದ ಒಬ್ಬರು ಕಾರಿನಲ್ಲಿ ಬಂದು ಅವನ ನವಿಲನ್ನು ಮೆಚ್ಚಿದರು. ತೋಟದ ಬಾಗಿಲಿಗೆ ಬೇಕು ಎಂದರು. ಬೆಲೆ ಎಷ್ಟು ಎಂದು ಅವನು ಹೇಳಲಾರದೆ ನಿಂತಾಗ, "ಕೆಜಿ ಲೆಕ್ಕ ಹಾಕೋಣ, ಗುಜರಿ ರೇಟಿಗೆ ಎರಡರಷ್ಟು ಕೊಡುತ್ತೇನೆ" ಎಂದರು. ಔದಾರ್ಯವೆಂದೇ ಅವರು ತಿಳಿದಿದ್ದರು, ಅದರಲ್ಲಿ ಸಂಶಯವಿಲ್ಲ. ಆರು ಭಾನುವಾರದ ಕೆಲಸ. ತಂದೆ ಒಳಗಿನಿಂದ ಬಂದು "ಸ್ವಾಮಿ, ತಕ್ಕಡಿ ಬೇಕಾದ್ರೆ ಗುಜರಿ ಅಂಗಡೀಲಿ ಅದೆ" ಎಂದು ಹೇಳಿ ಕಳುಹಿಸಿಬಿಟ್ಟನಂತೆ. ಹುಡುಗ ಸ್ವಲ್ಪ ಬೇಸರಪಟ್ಟುಕೊಂಡ, ಹಣ ಬೇಕಾಗಿತ್ತು. ನಾವು ತಂದೆಯ ಪಕ್ಷ.

ಸರ್ಕಾರದ ಕಡೆ ನೋಡೋಣವೆಂದು ವಿಶ್ವಕರ್ಮ ಯೋಜನೆಯ ಅರ್ಜಿ ಹಿಡಿದು ಕೂತೆವು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರದವರು ಆರಂಭಿಸಿದ್ದು. 18 ಕಸುಬು, ಸಲಕರಣೆಗೆ 15,000 ರೂಪಾಯಿ, ಆಮೇಲೆ ಕಡಿಮೆ ಬಡ್ಡಿಯ ಸಾಲ. ಅರ್ಹರು ಯಾರೂ ಬಿಡಬಾರದು, ಬೇಕಾದವರಿಗೆ ಅರ್ಜಿ ತುಂಬಿಕೊಡಲು ನಾವು ಸಿದ್ಧ. ಆದರೆ ಕಮ್ಮಾರ ಒಂದು ಕಲಂ, ಶಿಲ್ಪಿ ಒಂದು ಕಲಂ, ಬೊಂಬೆ ಮಾಡುವವನು ಇನ್ನೊಂದು ಕಲಂ. ಇವನು ಮೂರೂ ಹೌದು. ಯಾವುದಕ್ಕೆ ಗುರುತು ಹಾಕಲಿ ಎಂದು ಕೇಳಿದರೆ ಅವನ ತಾಯಿ, "ಮೂವತ್ತು ವರ್ಷ ತಿದಿ ಒತ್ತಿದ್ದಕ್ಕೆ ಯಾವ ಕಲಂ ಇದೆ ನೋಡಪ್ಪ" ಎಂದರು. ನಾವು ಅರ್ಜಿ ಮಡಚಿದೆವು.

ಉಪಾಧ್ಯಾಯ ಬಂಧುಗಳಿಗೆ ಒಂದು ಬಿನ್ನಹ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ವಿದ್ಯೆ ಎಂಬ ಯೋಜನೆಯನ್ನು ದೇಶದ ಮುಂದಿಟ್ಟರು. ಅದು ಬಹುಮಟ್ಟಿಗೆ ತಕಲಿಗೆ ಇಳಿದು, ಆಮೇಲೆ ತಕಲಿಯೂ ಬೀರು ಸೇರಿತು. ಆ ಬೀರುಗಳ ಬೀಗದ ಕೈ ಈಗ ತಮ್ಮ ಕೈಯಲ್ಲಿದೆ. ಹುಡುಗರಿಂದ ಕಿತ್ತುಕೊಂಡದ್ದು ಏನೇನು ಒಳಗಿದೆ ಎಂದು ಒಮ್ಮೆ ತೆಗೆದು ನೋಡಿ.

ಕೊನೆಗೆ ಕೆಲಸದ ಮಾತು. ಆ ತಂದೆ ಪ್ರತಿ ತಿಂಗಳ ಎರಡನೆಯ ಭಾನುವಾರ ತನ್ನ ಕುಲುಮೆಯನ್ನು ಕಲಿಯುವವರಿಗೆ ತೆರೆದಿಡಲು ಒಪ್ಪಿದ್ದಾನೆ. ಕೋಲಾರ, ಮಾಲೂರು, ಶ್ರೀನಿವಾಸಪುರಗಳಲ್ಲಿಯೂ ಹಾಗೆ ಒಂದೊಂದು ಕುಲುಮೆ ಸಿಕ್ಕೀತೇ ಎಂದು ವಿಚಾರಿಸುತ್ತಿದ್ದೇವೆ. ಇಲ್ಲಿರುವ ಆಚಾರಿಗಳು ಸಭೆ ಮುಗಿದ ಮೇಲೆ ಹೆಸರು ಹೇಳಬೇಕು. ಯಾವ ಜಾತಿಯವರೂ ಬರಬಹುದು, ಹೆಣ್ಣುಮಕ್ಕಳು ಬರಲೇಬೇಕು, ತಿದಿಗೆ ಮಾತ್ರವಲ್ಲ ಸುತ್ತಿಗೆಗೂ. ಆಚಾರಿಗೆ ದಿನದ ಕೂಲಿಯನ್ನು ಬಂದವರೆಲ್ಲ ಸೇರಿ ಕೊಡತಕ್ಕದ್ದು, ಕಲಿಸುವುದು ದುಡಿಮೆಯೇ. ಇದ್ದಿಲು ತಾವೇ ತರಬೇಕು, ಸೀಮೆಜಾಲಿಯ ಇದ್ದಿಲು ಚೆನ್ನಾಗಿ ಉರಿಯುತ್ತದೆ, ಆ ಮರಕ್ಕಂತೂ ನಮ್ಮಲ್ಲಿ ಬರವಿಲ್ಲ.

ಗುಜರಿ ತರುವವರು ಎಚ್ಚರದಿಂದ ಆರಿಸಿ. ನೀರಿನ ಜಿ.ಐ. ಪೈಪನ್ನು ಬೆಂಕಿಗೆ ಹಾಕಬಾರದು; ಮೇಲಿನ ಸತುವು ಉರಿದು ಬಿಳಿ ಹೊಗೆ ಏಳುತ್ತದೆ, ಕುಡಿದವನಿಗೆ ಆಗ ಏನೂ ಆಗದೆ ರಾತ್ರಿ ಮಲೇರಿಯದ ಹಾಗೆ ನಡುಕ ಜ್ವರ ಬರುತ್ತದೆ. ಬೈಕಿನ ಶಾಕ್ ಅಬ್ಸಾರ್ಬರನ್ನು, ಬಾಯಿ ಮುಚ್ಚಿದ ಯಾವ ಕೊಳವೆಯನ್ನೂ ಹಾಗೆಯೇ ಕಾಯಿಸಬಾರದು, ಸಿಡಿಯುತ್ತದೆ. ಬ್ಯಾಟರಿಯ ಸೀಸ ಬೇಡವೇ ಬೇಡ. ವೆಲ್ಡಿಂಗ್ ಹುಡುಗರು ಕಪ್ಪು ಗಾಜಿಲ್ಲದೆ ಬಂದರೆ ಕೆಲಸ ಕೊಡುವುದಿಲ್ಲ. ಹಾಗೆ ಮಾಡಿ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದ ಹಾಗೆ ಒದ್ದಾಡಿದವರು ಈ ಸಭೆಯಲ್ಲೇ ಇದ್ದೀರಿ. ನೈಲಾನ್ ಅಂಗಿ ಬೇಡ, ಹತ್ತಿಯದಿರಲಿ. ಕಾಲಿಗೆ ಚಪ್ಪಲಿಯಲ್ಲ, ಬೂಟು.

ಕರು ಯಾರ ಕೈಯಲ್ಲಿದೆ? ಮುಂದಕ್ಕೆ ಕಳಿಸಿ. ಏಳು ಗಂಟೆಯ ಮುಳಬಾಗಿಲು ಬಸ್ಸಿಗೆ ಅದನ್ನು ತೆಗೆದುಕೊಂಡು ಹೋಗಬೇಕು.